ಹೊಳೆ ಏರಿದ ವರ್ಷದ ಭಟ್ಟಿ

ಆ ಕಣಿವೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಹೆಂಚಿನ ಕಾರ್ಖಾನೆಗಳಿದ್ದವು. ಹೊಳೆ ವರ್ಷವರ್ಷ ತಂದು ಹಾಕುವ ಜೇಡಿಮಣ್ಣು ಬೆಣ್ಣೆಯಷ್ಟು ನುಣುಪು. ಅದನ್ನು ನಂಬಿಯೇ ಮೂರು ತಲೆಮಾರು ಬದುಕಿತು. ಈಗ ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತು ಬಾತುಕೋಳಿಗಳು ಈಜುತ್ತವೆ. ಉಳಿದಿರುವ ಚಿಮಣಿಗಳು ಎರಡೇ, ಅದರಲ್ಲೊಂದರ ನೆತ್ತಿಯಲ್ಲಿ ಗಿಡ ಹುಟ್ಟಿದೆ.

ನಾಲ್ಕರಲ್ಲಿ ದೊಡ್ಡದಾದ ಕಾರ್ಖಾನೆಯಲ್ಲಿ ಕಿವಿಯಮ್ಮ ಹೆಂಚಿನ ದನಿ ನೋಡುವ ಕೆಲಸಕ್ಕಿದ್ದಳು. ಅವಳಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಭಟ್ಟಿಯಿಂದ ಹೊರಬಂದ ಹೆಂಚು ಕೈಗಾಡಿಯಲ್ಲಿ ಅವಳ ಮುಂದೆ ಬರುತ್ತಿತ್ತು. ಎಡಗೈಯ ಎರಡು ಬೆರಳಲ್ಲಿ ಹೆಂಚಿನ ಅಂಚು ಹಿಡಿದು ತೂಗಿಬಿಟ್ಟು, ಬಲಗೈಯಲ್ಲಿದ್ದ ಮೊಳೆಯಷ್ಟೇ ದಪ್ಪದ ಕಬ್ಬಿಣದ ಕಡ್ಡಿಯಿಂದ ಒಮ್ಮೆ ತಟ್ಟುವಳು. ಚೆನ್ನಾಗಿ ಬೆಂದ ಹೆಂಚು ಠಣ್ ಎನ್ನುತ್ತದೆ, ಬಾಲ ಎಳೆದುಕೊಂಡು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಡಕು ದನಿ. ಅರ್ಧ ಬೆಂದದ್ದು ಥಪ್ ಎಂದು ಅಲ್ಲೇ ಸಾಯುತ್ತದೆ. ಅಂಥದ್ದನ್ನು ಮಾಡಿಗೆ ಹೊದಿಸಿದರೆ ಎರಡು ಮಳೆಗಾಲಕ್ಕೆ ನೀರು ಕುಡಿದು ಪುಡಿಯಾಗುತ್ತದೆ. ಒಳ್ಳೆಯದು ಬಲಕ್ಕೆ, ಒಡಕು ಎಡಕ್ಕೆ, ಹಸಿ ಬೆನ್ನ ಹಿಂದಕ್ಕೆ. ಅವಳು ನೋಡುತ್ತಿದ್ದದ್ದು ದಿನಕ್ಕೆ ಎರಡು ಸಾವಿರ ಹೆಂಚು. ಹದಿನೇಳನೇ ವಯಸ್ಸಿಗೆ ಕೂತವಳು ಹದಿನೈದು ವರ್ಷ ಆ ಮಣೆ ಬಿಟ್ಟೇಳಲಿಲ್ಲ. ಅವಳು ಬಲಕ್ಕಿಟ್ಟ ಹೆಂಚು ಸೋರಿತೆಂದು ಒಬ್ಬರೂ ದೂರು ತಂದಿರಲಿಲ್ಲ.

“ಇವಳ ಹತ್ರ ಹೋಗುವಾಗ ಟೋಪಿ ಹಾಕ್ಕೊಳ್ರಪ್ಪ” ಎಂದು ಮಣ್ಣು ಹೊರುವವರು ನಗೆಯಾಡುತ್ತಿದ್ದರು. “ತಲೆ ತಟ್ಟಿ ಅರ್ಧ ಬೆಂದಿದೆ ಅಂದುಬಿಟ್ರೆ ಹೆಣ್ಣು ಸಿಗಲ್ಲ.”

ಅವಳನ್ನು ಆ ಮಣೆಯ ಮೇಲೆ ಕೂರಿಸಿದ್ದು ಭಾವ. ಅಕ್ಕನ ಗಂಡ, ಕಾರ್ಖಾನೆಯ ಭಟ್ಟಿ ಮೇಸ್ತ್ರಿ. ಭಟ್ಟಿಯ ಗೋಡೆಯಲ್ಲಿ ಬೆರಳು ತೂರುವಷ್ಟೇ ತೂತಿತ್ತು. ಅದರಲ್ಲಿ ಕಣ್ಣಿಟ್ಟು ಬೆಂಕಿಯ ಬಣ್ಣ ನೋಡಿ, ಇನ್ನೆಷ್ಟು ಸೌದೆ, ಇನ್ನೆಷ್ಟು ಹೊತ್ತು ಎಂದು ಹೇಳುವುದು ಅವರ ಕೆಲಸ. ಮಾತು ಕಡಿಮೆ, ಆಡಿದ್ದೂ ಎದೆಯೊಳಗೇ ಆಡಿದಂತೆ. ಹಾಗಿದ್ದೂ ಸೌದೆ ಹಾಕುವ ಹತ್ತು ಜನ ಅವರ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕನ ಮನೆ, ತಂಗಿಯ ಮನೆ ಕಾರ್ಖಾನೆಯ ಓಣಿಯಲ್ಲಿ ಎದುರುಬದುರು. ಒಂದು ಮನೆಯ ಒಲೆ ಆರಿದರೆ ಇನ್ನೊಂದು ಮನೆಯಿಂದ ಕೆಂಡ ಬರುತ್ತಿತ್ತು. ಕಿವಿಯಮ್ಮನ ಮಗಳು ನಡೆಯಲು ಕಲಿತದ್ದೇ ಆ ಎರಡು ಹೊಸ್ತಿಲುಗಳ ನಡುವೆ.

ಹೊಳೆ ಕಾರ್ಖಾನೆಯ ಗೇಟಿನವರೆಗೆ ಏರಿ ಬಂದ ವರ್ಷ ಆ ಬಳಕೆ ಕೆಟ್ಟಿತು.

ಪೇಟೆಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಸಂತೆಕಟ್ಟೆಗೆ ಹೆಂಚು ಒದಗಿಸಲು ಕಾರ್ಖಾನೆ ಒಪ್ಪಿಕೊಂಡಿತ್ತು. ವಾಯಿದೆ ಹತ್ತಿರವಾಗಿತ್ತು. ನೆರೆ ಇಳಿದರೂ ಸೌದೆಯ ರಾಶಿ ಬುಡದಿಂದ ತುದಿಯವರೆಗೆ ತೊಯ್ದಿತ್ತು. ಬಿಸಿಲಿಗೆ ಕಾಯಲು ಮ್ಯಾನೇಜರು ಒಪ್ಪಲಿಲ್ಲ. ಭಾವ ಒಳಗಿದ್ದ ಒಣಸೌದೆಯನ್ನು ಹಸಿಯ ಜೊತೆ ಬೆರೆಸಿ, ಮೂರು ದಿನದ ಬೆಂಕಿಯನ್ನು ಐದು ದಿನಕ್ಕೆ ಎಳೆದರು. ಆ ಐದು ದಿನ ಅವರು ಮನೆಗೆ ಬಂದದ್ದು ಬಟ್ಟೆ ಬದಲಿಸಲು ಮಾತ್ರ. ಆರನೇ ದಿನ ಬಾಗಿಲು ಮುಚ್ಚಿ, ತಣಿಯಲು ಬಿಟ್ಟು, “ಆಗಿದೆ ಅನ್ಸುತ್ತೆ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಕಿವಿಯಮ್ಮನಿಗೆ ಆಗತಾನೇ ದೊಡ್ಡ ಜ್ವರ ಬಂದು ಬಿಟ್ಟಿತ್ತು. ಹದಿನೆಂಟು ದಿನ ಮಲಗಿ ಎದ್ದವಳು ಮೊದಲ ಸಲ ಮಣೆಯ ಮೇಲೆ ಕೂತಳು. ಕೈಗಾಡಿ ಬಂತು. ಮೊದಲನೆಯ ಹೆಂಚು ಎತ್ತಿ ತಟ್ಟಿದಳು. ಥಪ್. ಅದನ್ನು ಬೆನ್ನ ಹಿಂದಕ್ಕಿಟ್ಟಳು. ಎರಡನೆಯದೂ ಥಪ್. ಹತ್ತು, ಇಪ್ಪತ್ತು, ನೂರು. ಎಲ್ಲವೂ ಒದ್ದೆ ಬಟ್ಟೆಯ ಮೇಲೆ ಬಡಿದಂತೆ. ಅವಳ ಬೆನ್ನ ಹಿಂದೆ ರಾಶಿ ಬೆಳೆಯುತ್ತಿದ್ದಂತೆ ಸುತ್ತಲಿನವರು ಕೆಲಸ ನಿಲ್ಲಿಸಿ ನೋಡತೊಡಗಿದರು. ಯಾರೋ ಹೋಗಿ ಮ್ಯಾನೇಜರನ್ನು ಕರೆತಂದರು. ಅವರೂ ಎರಡು ಹೆಂಚು ತಟ್ಟಿ ನೋಡಿ, “ಹೌದು, ಮಂಕು” ಎಂದರು. ಸೌದೆ ಹಸಿ ಎಂದು ಮೊದಲೇ ಗೊತ್ತಿದ್ದವರಿಗೆ, ಸಾಲದ್ದಕ್ಕೆ ಕಿವಿಯಮ್ಮನೇ ಹೆಂಚು ಹಸಿ ಎಂದ ಮೇಲೆ, ಇನ್ನೇನು ಕೇಳಿಸೀತು.

ಭಾವ ಭಟ್ಟಿಯ ಕಡೆಯಿಂದ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಎಲ್ಲಾನೂ ಹಾಗೇನಾ?”

“ಎಲ್ಲಾನೂ ಭಾವ.”

“ಜ್ವರ ಬಿಟ್ಟು ಎದ್ದಿದ್ದೀಯ. ನಾಳೆ ಇನ್ನೊಂದ್ಸಲ ನೋಡ್ತೀಯಾ?”

ಅವರು ಕೇಳಿದ್ದು ಅಷ್ಟೇ. ಅದನ್ನೂ ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದ್ದರು, ತುಟಿಗೆ ಹತ್ತಿರ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಆದರೆ ಸುತ್ತ ಇಪ್ಪತ್ತು ಜನ ನಿಂತಿದ್ದರು, ಮ್ಯಾನೇಜರು ನಿಂತಿದ್ದರು. ಹದಿನೈದು ವರ್ಷದಲ್ಲಿ ಯಾರೂ ಅವಳಿಗೆ ಇನ್ನೊಂದು ಸಲ ನೋಡು ಎಂದಿರಲಿಲ್ಲ.

“ನನ್ನ ಕಿವಿ ಮೇಲೆ ಅನುಮಾನನಾ ಭಾವ?” ಎಂದಳು, ಎಲ್ಲರಿಗೂ ಕೇಳುವಂತೆ.

ಭಾವ ಅವಳ ಮುಖ ನೋಡಿ, “ಇಲ್ಲಮ್ಮ” ಎಂದು ಎದ್ದರು.

ಸಂತೆಕಟ್ಟೆಗೆ ಹೊಳೆಯಾಚೆಯ ಕಾರ್ಖಾನೆಯ ಹೆಂಚು ಹೋಯಿತು. ಮೇಲಿನವರಿಗೆ ಮ್ಯಾನೇಜರು ಯಾರ ಹೆಸರನ್ನಾದರೂ ಹೇಳಲೇಬೇಕಿತ್ತು, ಹೇಳಿದರು. ಭಟ್ಟಿಗೆ ಬೇರೆ ಮೇಸ್ತ್ರಿ ಬಂದ. ಭಾವನಿಗೆ ಮಣ್ಣಿನ ಗುಂಡಿಯ ಉಸ್ತುವಾರಿ ಕೊಡುತ್ತೇವೆ ಎಂದದ್ದು ನಿಜ. ತಮ್ಮ ಕೈಕೆಳಗಿದ್ದವರ ಕಣ್ಣೆದುರು ಗುಂಡಿಗಿಳಿಯಲು ಅವರಿಗೆ ಮನಸ್ಸು ಬರಲಿಲ್ಲ. ತಿಂಗಳೊಳಗೆ ಅಕ್ಕ, ಭಾವ ಸಾಮಾನು ಕಟ್ಟಿಕೊಂಡು, ಹೊಳೆ ಸಮುದ್ರ ಸೇರುವಲ್ಲಿನ ಬಂದರು ಊರಿಗೆ ಹೊರಟರು. ಜಗಳವೇನೂ ಆಗಲಿಲ್ಲ. ಗಾಡಿ ಹೊರಡುವಾಗ ಅಕ್ಕ ಎದುರು ಮನೆಯ ಮಗುವಿನ ಕೆನ್ನೆ ಹಿಂಡಿದಳು, ತಂಗಿಗೆ “ಬಾಗಿಲು ನೋಡ್ಕೊ” ಎಂದಳು. ಬೀಗ ಹಾಕಿದ ಮನೆಯಲ್ಲಿ ನೋಡಿಕೊಳ್ಳುವುದು ಏನಿತ್ತು.

ಬೆನ್ನ ಹಿಂದಿನ ಆ ರಾಶಿ ಅಂಗಳದ ಅರ್ಧ ಜಾಗ ತಿಂದು ಕೂತಿತ್ತು. ಬೇಕಾದವರು ಒಯ್ಯಬಹುದು ಎಂದು ಮ್ಯಾನೇಜರು ಹೇಳಿದಾಗ ಓಣಿಯವರು ಕೊಟ್ಟಿಗೆಗೆ, ಬಚ್ಚಲಿಗೆ, ಕೆಲವರು ಮನೆಗೇ ಎಂದು ಹೊತ್ತೊಯ್ದರು. ಕಿವಿಯಮ್ಮನ ಗಂಡ ಅದೇ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಯಂತ್ರ ನಡೆಸುತ್ತಿದ್ದ. ಅವನೂ ಮಾಡಿನ ತುಕ್ಕು ತಗಡು ತೆಗೆದು ಅವನ್ನೇ ಹೊದಿಸಿದ. “ಎರಡು ಮಳೆಗಾಲ ತಡೆದ್ರೆ ಸಾಕು, ಆಮೇಲೆ ನೋಡೋಣ” ಎಂದ.

ಮಾರನೆಯ ವರ್ಷ ಮಳೆಗೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಅವನು ಏಣಿ ಹಾಕಿ ಮಾಡು ಹತ್ತಿದ್ದ. ಯಾವ ಹೆಂಚು ಹೋಗಿದೆ ನೋಡಿ ಬದಲಿಸುವುದೆಂದು ಕೆಳಗೆ ಹತ್ತಾರು ಹೆಂಚು ಒಟ್ಟಿಟ್ಟುಕೊಂಡಿದ್ದ. ಕಿವಿಯಮ್ಮ ಏಣಿಯ ಬುಡ ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಮೇಲಿಂದ ಬಗ್ಗಿ ಏನೋ ಹೇಳಿದ. ಅವಳಿಗೆ ತಿಳಿಯಲಿಲ್ಲ. ಜ್ವರದ ನಂತರ ಅವನ ಮಾತು ಆಗಾಗ ಹಾಗೆ ಜಾರಿ ಹೋಗುತ್ತಿತ್ತು. ಗಂಡಸರು ಗೊಣಗುವುದೇ ಹಾಗೆ ಎಂದುಕೊಂಡಿದ್ದಳು.

“ಒಂದೂ ಹೋಗಿಲ್ಲ ಅಂದೆ” ಎಂದು ಅವನು ಗಟ್ಟಿಯಾಗಿ ಹೇಳಿದ. ಕೆಳಗಿಳಿದು ಬಂದು ರಾಶಿಯಿಂದ ಒಂದು ಹೆಂಚೆತ್ತಿ, ಅವಳು ಹಿಡಿಯುವಂತೆಯೇ ಎರಡು ಬೆರಳಲ್ಲಿ ಹಿಡಿದು, ಕೈಯಲ್ಲಿದ್ದ ಸುತ್ತಿಗೆಯ ತುದಿಯಿಂದ ತಟ್ಟಿದ. “ಠಣ್ ಅಂತಿದೆಯಲ್ಲೇ.”

ಅವಳಿಗೆ ಕೇಳಿಸಿದ್ದು ಥಪ್.

“ಇನ್ನೊಂದು ತಟ್ರಿ” ಎಂದಳು.

ಅವನು ಇನ್ನೊಂದು ತಟ್ಟಿದ. ಅವಳು ಅವನ ಕೈಯಿಂದ ಸುತ್ತಿಗೆ ಕಸಿದು ತಾನೇ ತಟ್ಟಿದಳು. ಆಮೇಲೆ ಒಳಗೆ ಓಡಿ, ಕಾರ್ಖಾನೆಯಿಂದ ವರ್ಷಗಳ ಹಿಂದೆ ತಂದು ನೀರಿನ ಹಂಡೆಗೆ ಮುಚ್ಚಿದ್ದ ಹಳೆಯ ಹೆಂಚು ತಂದಳು. ತಾನೇ ಆರಿಸಿ ತಂದಿದ್ದ, ಗಂಟೆಯಂಥ ದನಿಯ ಹೆಂಚು. ತಟ್ಟಿದಳು. ಅದೂ ಥಪ್.

ಗಂಡ ಹೆಂಡತಿ ಅಂಗಳದಲ್ಲಿ ಎದುರುಬದುರು ನಿಂತರು. ಎತ್ತರದ ದನಿಗಳೆಲ್ಲ ಅವಳ ಕಿವಿಯಿಂದ ಹೋಗಿಬಿಟ್ಟಿದ್ದವು. ಜ್ವರದ ಮೇಲೆ ಆ ದನಿ ಒಂದು ದಿನ ಕೇಳಿ ಒಂದು ದಿನ ಕೇಳದೆ ಇದ್ದುದರಿಂದ ಅಲ್ಲಿಯವರೆಗೆ ಅದು ಇಬ್ಬರಿಗೂ ಹೊಳೆದಿರಲಿಲ್ಲ. ಹೋದ ವರ್ಷದಿಂದ ಅವಳು ಹೆಚ್ಚು ಹೆಚ್ಚು ಹೆಂಚು ಹಿಂದಕ್ಕೆ ಹಾಕುತ್ತಿದ್ದಾಳೆಂದು ಹೊಸ ಮೇಸ್ತ್ರಿ ಗೊಣಗುತ್ತಿದ್ದುದಕ್ಕೂ ಈಗ ಅರ್ಥ ಬಂತು.

“ಭಾವನಿಗೆ ಹೇಳ್ಬೇಕು” ಎಂದಳು.

ಗಂಡ ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡು ಅದರ ಹಿಡಿ ತಿರುವಿದ. ಅವನು ಕೆಟ್ಟವನಲ್ಲ. ಆದರೆ ಹೆದರುವವನು. “ಹೇಳಿದ್ರೆ ಏನಾಗುತ್ತೆ? ಅವರ ಕೆಲಸ ವಾಪಸ್ ಬರುತ್ತಾ? ಅಲ್ಲಿ ಬೇರೆಯವನು ಕೂತಾಗಿದೆ. ನಿನ್ನ ಕೆಲಸ ಹೋಗುತ್ತೆ ಅಷ್ಟೇ. ಒಡೆದ ಕನ್ನಡೀನ ಅಂಟಿಸೋಕೆ ಹೋದ್ರೆ ಕೈಯೇ ಕುಯ್ಯೋದು.”

ಅವಳು ಎದುರಾಡಲಿಲ್ಲ. ಮರುದಿನ ಮ್ಯಾನೇಜರ ಹತ್ತಿರ ಹೋಗಿ, ತೋಳು ನೋವು, ಕಡ್ಡಿ ಹಿಡಿಯಲಾಗುವುದಿಲ್ಲ ಎಂದು ಹೇಳಿ ಹಸಿ ಹೆಂಚು ಒಣಗಿಸುವ ಚಪ್ಪರಕ್ಕೆ ಬದಲಿ ಮಾಡಿಸಿಕೊಂಡಳು. ಇನ್ನೊಂದು ಹೆಂಚಿಗೆ ತನ್ನಿಂದ ಅನ್ಯಾಯ ಆಗಬಾರದು ಎಂದಷ್ಟೇ ಅಂದು ಯೋಚಿಸಿದ್ದಳು. ಹೆಂಚಿಗೆ ಮಾಡಿದಷ್ಟು ನ್ಯಾಯವನ್ನು ಭಾವನಿಗೆ ಮಾಡಲಿಲ್ಲ.

ಮುಂದಿನ ಹಬ್ಬಕ್ಕೋ ಮದುವೆಗೋ ಅಕ್ಕ ಬಂದಾಗ ಹೇಳಿದರಾಯಿತು ಎಂದಿದ್ದಳು. ಅಕ್ಕ ಬರಲಿಲ್ಲ. ಊರು ಬಿಟ್ಟ ಆರು ವರ್ಷದ ಮೇಲೆ ತಾಯಿ ತೀರಿಕೊಂಡಾಗ ಬಂದಳು, ಒಬ್ಬಳೇ. ಎಲ್ಲ ಮುಗಿದು ಅಕ್ಕತಂಗಿ ಅಡಿಗೆಮನೆಯಲ್ಲಿ ತಾಯಿಯ ಪಾತ್ರೆಗಳನ್ನು ಹಂಚಿಕೊಳ್ಳುತ್ತ ಕೂತಿದ್ದರು. ಅಕ್ಕ ಒಂದು ಲೋಟವನ್ನು ಸೆರಗಿನಿಂದ ಒರೆಸುತ್ತ, ತಲೆ ಎತ್ತದೆ, ಆದರೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: “ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕಣೇ. ನಿನ್ನ ಕಿವಿಗೆ ಸುಳ್ಳು ಹೇಳೋಕೆ ಬರಲ್ಲ, ಗೊತ್ತು. ಆದ್ರೆ ಅವತ್ತು ಒಂದೇ ಒಂದ್ಸಲ ಸುಳ್ಳು ಹೇಳಿದ್ರೆ ಏನು ಮುಳುಗಿಹೋಗ್ತಿತ್ತು ಅಂತ ಅನ್ಸುತ್ತೆ.”

ನಿಜ ಕಿವಿಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಗಂಡ ಯಾರೊಡನೆಯೋ ಮಾತಾಡುತ್ತಿದ್ದ. ಮಗಳು ಬಾಗಿಲಲ್ಲಿ ನಿಂತು ಚೊಂಬು ಕೇಳಿದಳು. ಕಿವಿಯಮ್ಮ ಎದ್ದು ಚೊಂಬು ಕೊಟ್ಟಳು. ತಿರುಗಿ ಬರುವಷ್ಟರಲ್ಲಿ ಅಕ್ಕ ಲೋಟ ಕೆಳಗಿಟ್ಟು ಬೇರೆ ಮಾತು ತೆಗೆದಿದ್ದಳು. ಆ ಹೊತ್ತು ಹಾಗೆ ದಾಟಿಹೋಯಿತು.

ಆಮೇಲೆ ಕಾಂಕ್ರೀಟು ಬಂತು. ಒಂದೊಂದಾಗಿ ನಾಲ್ಕೂ ಕಾರ್ಖಾನೆ ಮುಚ್ಚಿದವು. ಗಂಡ ಎದೆನೋವಿನಿಂದ ಹೋದ. ಮಗಳು ಹೊಲಿಗೆ ಕಲಿತು ಮನೆಯ ಮುಂಭಾಗದಲ್ಲೇ ಅಂಗಡಿ ಹಾಕಿದಳು. ಕಿವಿಯಮ್ಮನ ಎಡಗಿವಿ ಪೂರಾ ಹೋಗಿ, ಬಲಗಿವಿಗೆ ಹತ್ತಿರ ಬಂದು ಕೂಗಿದರೆ ಕೇಳುವಷ್ಟಾಯಿತು. ಓಣಿಯ ಹುಡುಗರಿಗೆ ಆ ಅಡ್ಡಹೆಸರು ಈಗ ಬರೀ ಗೇಲಿ. ಮಾಡಿನ ಮೇಲೆ ಆ ಹೆಂಚುಗಳು ಮಾತ್ರ ಹಾಗೇ ಇದ್ದವು. ಕಾಡುಬೆಕ್ಕು ಹಾರಿ ಎರಡು ಒಡೆದದ್ದು ಬಿಟ್ಟರೆ ಮೂವತ್ತೆರಡು ಮಳೆಗಾಲದಲ್ಲಿ ಒಂದು ತೊಟ್ಟು ಒಳಗಿಳಿದಿರಲಿಲ್ಲ. ಮಳೆ ಜೋರಾಗಿ ಹೊಯ್ಯುವಾಗ ಅವಳು ಮಾಡಿನತ್ತ ನೋಡುತ್ತಿರಲಿಲ್ಲ.

ಆಗ ಊರಿನ ಲೈಬ್ರರಿಗೆ ಹೊಸದಾಗಿ ಬಂದಿದ್ದ ಮೇಡಂ ಕಣಿವೆಯ ದಿನನಿತ್ಯದ ಚರಿತ್ರೆ ಬರೆಯಲು ಹೊರಟರು. ರಾಜರು, ಯುದ್ಧ ಎಲ್ಲ ಬೇರೆಯವರು ಬರೆದಾಗಿದೆ, ನಾನು ಬರೆಯುವುದು ದೋಣಿ ಎಲ್ಲಿ ನಿಲ್ಲುತ್ತಿತ್ತು, ಬಟ್ಟೆ ಎಲ್ಲಿ ಒಗೆಯುತ್ತಿದ್ದರು, ಹೆಂಚು ಯಾರು ಮಾಡುತ್ತಿದ್ದರು ಎಂಬುದನ್ನು ಎನ್ನುತ್ತ ಮನೆಮನೆ ಸುತ್ತುತ್ತಿದ್ದರು. ಕಿವಿಯಮ್ಮನ ಬಳಿ ಮೂರು ಮಧ್ಯಾಹ್ನ ಕೂತು, ಬಲಗಿವಿಯ ಬಳಿ ಬಾಗಿ ಬಾಗಿ ಪ್ರಶ್ನೆ ಕೇಳಿದರು. ಅವಳೂ ಖುಷಿಯಿಂದಲೇ ಹೇಳಿದಳು. ಯಾರಾದರೂ ತನ್ನ ಮಾತು ಕೇಳಿ ಎಷ್ಟೋ ದಿನವಾಗಿತ್ತು. ನಾಲ್ಕನೆಯ ಸಲ ಬಂದಾಗ ಮೇಡಂ ಬರೆದದ್ದನ್ನು ಓದಿ ಹೇಳಿದರು. ಒಂದು ಕಡೆ ಹೀಗಿತ್ತು: ‘ಹೊಳೆ ಏರಿದ ವರ್ಷ ಭಟ್ಟಿ ಮೇಸ್ತ್ರಿಯ ತಪ್ಪಿನಿಂದ ಇಡೀ ಒಂದು ಭಟ್ಟಿ ಹೆಂಚು ಹಸಿಯಾಗಿ ಉಳಿದು, ಕಾರ್ಖಾನೆಯ ಹೆಸರು ಕೆಟ್ಟಿತು.’

“ಇದು ಐದಾರು ಜನ ಹೇಳಿದ್ದು. ನೀವೇ ನೋಡಿದವರಲ್ವಾ, ಸರಿ ತಾನೆ?” ಎಂದು ಮೇಡಂ ಕೇಳಿದರು. ಆಮೇಲೆ ತಲೆ ಎತ್ತಿ ಮಾಡು ನೋಡಿ, “ಅದೇ ಹೆಂಚು ಅಂತಾರಲ್ಲ ಓಣಿಯವರು, ಇದು ಹೇಗೆ ಉಳೀತು?” ಎಂದರು. ಅವರ ದನಿಯಲ್ಲಿ ಅನುಮಾನವೇನೂ ಇರಲಿಲ್ಲ, ಬರೀ ಕುತೂಹಲ.

ಕಿವಿಯಮ್ಮ ಕೈ ನೋಡಿಕೊಂಡಳು. “ಆ ಸಾಲು ಈಗ ಬರೀಬೇಡಿ. ಸೋಮವಾರ ಬನ್ನಿ” ಎಂದಳು.

ಶುಕ್ರವಾರ ಬೆಳಗಿನ ಬಸ್ಸಿಗೆ ಅಕ್ಕನಿದ್ದ ಬಂದರು ಊರಿಗೆ ಹೊರಟಳು. ಮಗಳು ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಬಸ್ಸು ಹೊಳೆಯ ಪಕ್ಕದಲ್ಲೇ ಮೂರು ಗಂಟೆ ಓಡುತ್ತದೆ. ಕೆಳಗೆ ಹೋದಂತೆ ಹೊಳೆ ಅಗಲವಾಗುತ್ತ, ಮಣ್ಣಿನ ಬಣ್ಣ ಕಳೆದುಕೊಳ್ಳುತ್ತ ಹೋಗುತ್ತದೆ. ಅವಳು ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ಜೋಡಿಸುತ್ತಿದ್ದಳು. ಒಂದೂ ನೆಟ್ಟಗೆ ನಿಲ್ಲಲಿಲ್ಲ.

ಅಕ್ಕನ ಮನೆ ಲಾರಿಗಳನ್ನು ತೂಗುವ ಕಟ್ಟೆಯ ಹಿಂದೆ ಇತ್ತು. ಒಂದು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಒಗೆಯುವ ಕಲ್ಲು. ಅಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣಿಗೆ ಕೈ ಮರೆಮಾಡಿ ನೋಡಿ, “ಬಾ. ಚಪ್ಪಲಿ ಒಳಗೇ ಬಿಡು, ನಾಯಿ ಎತ್ಕೊಂಡ್ ಹೋಗುತ್ತೆ” ಎಂದಳು. ಇಪ್ಪತ್ತಾರು ವರ್ಷದ ನಂತರ ನೋಡಿದ ತಂಗಿಗೆ ಹೇಳಿದ ಮೊದಲ ಮಾತು ಅದು. ಕಿವಿಯಮ್ಮನಿಗೆ ಅರ್ಧ ಮಾತ್ರ ಕೇಳಿಸಿತು. ಕೈಸನ್ನೆ ನೋಡಿ ಚಪ್ಪಲಿ ಒಳಗೆ ಬಿಟ್ಟಳು.

“ನನಗೆ ಕಿವಿ ಕೇಳಲ್ಲ ಅಕ್ಕ. ಜೋರಾಗಿ ಹೇಳು.”

ಅಕ್ಕ ನಕ್ಕಳು. “ನಿನಗೆ? ಕಿವಿ?” ಎಂದು ಕೂಗಿದಳು.

ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ತೆಳ್ಳಗಾಗಿದ್ದರು, ಕೂದಲು ಪೂರ್ತಿ ಬಿಳಿ. ಈ ಊರಿಗೆ ಬಂದ ಮೇಲೆ ಅವರು ತೂಕದ ಕಟ್ಟೆಯಲ್ಲಿ ಮುಳ್ಳು ನೋಡಿ ಚೀಟಿ ಬರೆಯುವ ಕೆಲಸ ಮಾಡಿದರು, ಇಪ್ಪತ್ತೈದು ವರ್ಷ. ಇಲ್ಲಿಯೂ ಇಟ್ಟಿಗೆ ಭಟ್ಟಿಗಳಿದ್ದವು, ಕರೆದವರೂ ಇದ್ದರು. ಅವರು ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ಅದನ್ನು ಅಕ್ಕನೇ ಊಟ ಬಡಿಸುತ್ತ ಕೂಗಿ ಕೂಗಿ ಹೇಳಿದಳು. “ಮುಳ್ಳು ತಾವೇ ನೋಡಿ, ಪಕ್ಕದವನಿಗೂ ತೋರ್ಸೋರು. ಸರಿಯಾಗಿದೆಯಾ ನೋಡಪ್ಪ ಅಂತ. ಎಲ್ರೂ ನಗೋರು. ಮನೇಲೂ ಹಾಗೇ. ಬಾಗಿಲು ಹಾಕಿದ್ದೀನಾ, ಒಲೆ ಆರಿಸಿದ್ದೀನಾ, ನೀನೊಂದ್ಸಲ ನೋಡು ಅನ್ನೋರು.”

ಕಿವಿಯಮ್ಮ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಕೈ ತೊಳೆದು ಬಂದು ಭಾವನ ಮುಂದೆ ನೆಲದ ಮೇಲೆ ಕೂತಳು.

“ಆ ಭಟ್ಟಿ ಕೆಟ್ಟಿರಲಿಲ್ಲ ಭಾವ. ನನ್ನ ಕಿವಿ ಕೆಟ್ಟಿತ್ತು.”

ಭಾವ ಅವಳನ್ನೇ ನೋಡಿದರು. ಅವಳು ಹೇಳುತ್ತ ಹೋದಳು. ಜ್ವರ, ಏಣಿ, ಹಂಡೆಯ ಮುಚ್ಚಳ, ಮೂವತ್ತೆರಡು ಮಳೆಗಾಲ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸು ಬಟ್ಟೆ ಹರವುವುದನ್ನು ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿ, ಮತ್ತೆ ಮರೆಯಾದಳು.

ಭಾವ ಕುರ್ಚಿಯಿಂದ ಮುಂದೆ ಬಾಗಿ, ಅವಳ ಬಲಗಿವಿಯ ಬಳಿ, ಬದುಕಿನಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ ಹೇಳಿದರು: “ಬಾಗಿಲು ತೆಗೆದ ದಿನ ನಾನೇ ನಾಲ್ಕು ಹೆಂಚು ತಟ್ಟಿ ನೋಡಿದ್ದೆ. ಚೆನ್ನಾಗಿದೆ ಅನ್ನಿಸಿತ್ತು. ನೀನು ಹಸಿ ಅಂದೆ. ಸರಿ, ನನಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ. ನನ್ನ ಕಣ್ಣು, ನನ್ನ ಕಿವಿ ಎರಡೂ ಹೋಯ್ತು ಅಂದ್ಕೊಂಡೆ.”

ಅಷ್ಟು ಹೇಳಿ ಅವರಿಗೆ ಕೆಮ್ಮು ಬಂತು. ನೀರು ಕುಡಿದು ಮತ್ತೆ ಕೇಳಿದರು: “ನಿನಗೆ ಯಾವಾಗ ಗೊತ್ತಾಯ್ತು?”

ಈಗ, ಮೊನ್ನೆ ಮೊನ್ನೆ ಎಂದುಬಿಡಬಹುದಿತ್ತು. ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದಿದ್ದರೆ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಆ ಮಾತು ಬಾಯಿಯವರೆಗೂ ಬಂದದ್ದು ಅವಳಿಗೆ ಕೊನೆಯವರೆಗೂ ನೆನಪಿತ್ತು.

“ಮಾರನೇ ವರ್ಷ. ಮಳೆಗೆ ಮುಂಚೆ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ನೆಲದ ಮೇಲಿಟ್ಟಳು. ಹತ್ತಿರ ಬಂದು, ಕೂಗದೆ, ತಂಗಿಯ ಕಣ್ಣೆದುರು ತುಟಿ ಬಿಡಿಬಿಡಿಯಾಗಿ ಆಡಿಸಿ ಕೇಳಿದಳು: “ಅಮ್ಮ ಸತ್ತಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ಪಾತ್ರೆ ಹಂಚ್ಕೊಳ್ಳುವಾಗ?”

“ಗೊತ್ತಿತ್ತು ಅಕ್ಕ.”

ಅಕ್ಕ ಹಿತ್ತಲಿಗೆ ಹೋದಳು. ಕಿವಿಯಮ್ಮ ಹೊರಡುವವರೆಗೂ ಒಳಗೆ ಬರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಕಿವಿಯಮ್ಮ ಹಿಂಬಾಗಿಲವರೆಗೆ ಹೋಗಿ “ಬರ್ತೀನಿ ಅಕ್ಕ” ಎಂದಳು. ಉತ್ತರ ಬಂದಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ.

ಬಸ್ಸಿನವರೆಗೆ ಭಾವ ಬಂದರು. ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು. ದಾರಿಯ ಎರಡೂ ಕಡೆ ಲಾರಿಗಳು ಗುರುಗುಟ್ಟುತ್ತ ನಿಂತಿದ್ದವು. ಬಸ್ಸು ಬಂದಾಗ ಅವರು ಏನೋ ಹೇಳಿದರು. ಎಂದಿನಂತೆ, ಎದೆಯೊಳಗೆ, ನೆಲ ನೋಡುತ್ತ. ಕಿವಿಯಮ್ಮನಿಗೆ ತುಟಿ ಅಲುಗಿದ್ದು ಮಾತ್ರ ಕಂಡಿತು. ಇನ್ನೊಂದು ಸಲ ಹೇಳಿ ಎನ್ನಲು ಅವಳಿಗೆ ಮುಖವಿರಲಿಲ್ಲ. ಕಿವಿ ಕೇಳದವರು ಮಾಡುವುದನ್ನೇ ಮಾಡಿದಳು: “ಹೂಂ ಭಾವ” ಎಂದು ತಲೆಯಾಡಿಸಿ ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಿದಾಗ ಭಾವನ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಕ್ಷಮಿಸಿದೆ ಎಂದಿರಬೇಕು ಎಂದುಕೊಂಡಳು. ಮೂರು ಗಂಟೆಯ ದಾರಿಯನ್ನು ಆ ನಂಬಿಕೆಯಲ್ಲೇ ಕಳೆದಳು.

ಸೋಮವಾರ ಲೈಬ್ರರಿ ಮೇಡಂ ಬಂದಾಗ ಎಲ್ಲವನ್ನೂ ಹೇಳಿ, ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದಳು. ಮೇಡಂ ಪೆನ್ನು ಎತ್ತಿ ಕೇಳಿದರು: “ನಿಮ್ಮ ಹೆಸರು ಹಾಕ್ಲೇಬೇಕಾ ಅಮ್ಮ?”

“ಇಷ್ಟು ವರ್ಷ ಅವರ ಹೆಸರು ಹೇಳ್ತಿದ್ರಲ್ಲ ಎಲ್ರೂ. ಇನ್ಮೇಲೆ ನನ್ನದು ಹೇಳ್ಲಿ.”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳು. ಅವಳಿಗೆ ಎದುರು ಮನೆಯ ದೊಡ್ಡಮ್ಮ ಮಸುಕಾಗಿ ನೆನಪಿದ್ದಳು. ಸಂಜೆ ಅಂಗಡಿ ಮುಚ್ಚುವಾಗ, “ಅಪ್ಪನೂ ಬಾಯಿ ಬಿಡಲಿಲ್ವಾ?” ಎಂದು ಕೇಳಿದಳು. ಕಿವಿಯಮ್ಮ ಕೇಳಿಸದವಳಂತೆ ಕೂತಳು. ನಿಜವಾಗಿ ಕೇಳಿಸಿತ್ತು.

ಪುಸ್ತಕ ಅಚ್ಚಾಗಲು ಐದು ತಿಂಗಳು ಹಿಡಿಯಿತು. ಓಣಿಯಲ್ಲಿ ಕೆಲವರು ಓದಿ, “ಹೋಗ್ಲಿ ಬಿಡಿ, ಈಗ್ಯಾಕೆ ಅದೆಲ್ಲ” ಎಂದರು. ಇನ್ನು ಕೆಲವರು ಅವಳ ಮನೆಯ ಮುಂದೆ ಹಾದುಹೋಗುವಾಗ ತಲೆ ಎತ್ತಿ ಮಾಡು ನೋಡಿಹೋದರು. ಮೇಡಂ ಒಂದು ಪ್ರತಿಯನ್ನು ಬಂದರು ಊರಿಗೂ ಅಂಚೆಯಲ್ಲಿ ಕಳಿಸಿದ್ದರು. ಅಲ್ಲಿಂದ ಏನೂ ಬರಲಿಲ್ಲ. ಹತ್ತು ದಿನದ ಮೇಲೆ ಮಗಳ ಫೋನಿಗೆ ಕರೆ ಬಂತು. ಭಾವ ಹೋಗಿ ಆಗಲೇ ಮೂರು ದಿನ ಕಳೆದಿತ್ತು.

ತಾಯಿ ಮಗಳು ಇಬ್ಬರೂ ಹೋದರು. ಬಂದವರೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಅಕ್ಕ ಅದೇ ಬಾಗಿಲಲ್ಲಿ ಕೂತಿದ್ದಳು, ಕೈಯಲ್ಲಿ ಕೆಲಸವಿಲ್ಲದೆ. ಈ ಸಲ ಮಾತಾಡಿಸಿದಳು. ಹೇಗೆ ಹೋದರು, ಯಾವ ಆಸ್ಪತ್ರೆ, ಎಷ್ಟು ಹೊತ್ತು. ಪುಸ್ತಕ ಬಂದದ್ದನ್ನೂ ಹೇಳಿದಳು. ಆ ಪುಟವನ್ನು ಭಾವ ಎರಡು ಸಲ ಓದಿ, ಪಕ್ಕದ ಮನೆಯವರಿಗೂ ಓದಲು ಕೊಟ್ಟಿದ್ದರಂತೆ. ಕಿವಿಯಮ್ಮನಿಗೆ ಸ್ವಲ್ಪ ಉಸಿರು ಬಂದಂತಾಯಿತು.

ಆಗ ಅಕ್ಕ ಅವಳ ಬಲಗಿವಿಯ ಕಡೆ ತಿರುಗಿ ಕೇಳಿದಳು: “ಹೆಂಚು ಯಾಕೆ ತರಲಿಲ್ಲ?”

“ಯಾವ ಹೆಂಚು?”

“ಅವತ್ತು ಬಸ್ಸಿನ ಹತ್ರ ಕೇಳಿದ್ರಂತಲ್ಲ. ಆ ಭಟ್ಟಿದು ಒಂದು ಹೆಂಚು ತಂದ್ಕೊಡ್ತೀಯಾ, ಒಂದ್ಸಲ ತಟ್ಟಿ ನೋಡ್ತೀನಿ ಅಂತ. ನೀನು ಹೂಂ ಅಂದೆಯಂತೆ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಬಸ್ಸಿನ ಹೊತ್ತಿಗೆ ದಿನಾ ಕಿಟಕಿ ಹತ್ರ ಕೂರೋರು. ಬರ್ತಾಳೆ, ಹೂಂ ಅಂದಿದ್ದಾಳೆ ಅನ್ನೋರು. ಫೋನ್ ಮಾಡ್ಲಾ ಅಂದ್ರೆ ಬೇಡ, ಅವಳಿಗೆ ಕೇಳಲ್ಲ, ಪಾಪ, ಯಾಕೆ ತೊಂದ್ರೆ ಅಂದ್ರು.”

ಮಗಳು ತಾಯಿಯ ಮುಖ ನೋಡಿದಳು. ಐದು ತಿಂಗಳು. ಮಾಡಿನ ಮೇಲೆ ಸಾವಿರ ಹೆಂಚು, ಅಂಗಳದ ಮೂಲೆಯಲ್ಲಿ ಮಿಕ್ಕವು ಹತ್ತಾರು.

“ನನಗೆ ಕೇಳಿಸಲಿಲ್ಲ ಅಕ್ಕ” ಎಂದಳು ಕಿವಿಯಮ್ಮ.

“ಕೇಳಿಸಲಿಲ್ಲ ಅಂತ ಹೇಳೋಕೇನಾಗಿತ್ತು ನಿನಗೆ?”

ಕಿವಿಯಮ್ಮ ನಾಳೆಯೇ ಹೋಗಿ ತರುತ್ತೇನೆ ಎಂದಳು. ಅಕ್ಕ ತಲೆ ಅಡ್ಡ ಆಡಿಸಿದಳು. “ಈಗ ತಂದು ಏನು ಮಾಡ್ಲಿ. ಎಲ್ಲಿಡ್ಲಿ. ನನಗೇನು ದನಿ ಗೊತ್ತಾಗುತ್ತೆ.”

ಆ ದಿನ ಅವರು ಅಲ್ಲೇ ಉಳಿದರು. ಮಧ್ಯಾಹ್ನ ಮಗಳು ದೊಡ್ಡಮ್ಮನ ಎರಡು ಹರಿದ ರವಿಕೆ ಹೊಲಿದುಕೊಟ್ಟಳು. ಅಕ್ಕತಂಗಿ ಭಾವನ ಬಟ್ಟೆಗಳನ್ನು ಒಗೆದು ಹಿತ್ತಲಲ್ಲಿ ಒಣಹಾಕಿದರು, ಒಂದು ತುದಿ ಇವಳು, ಒಂದು ತುದಿ ಅವಳು ಹಿಡಿದು ಹಿಂಡುತ್ತ. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಮರುದಿನ ಹೊರಡುವಾಗ ಅಕ್ಕ, “ಮಳೆ ಮುಗಿದ ಮೇಲೆ ನಾನೇ ಬರ್ತೀನಿ ನೋಡೋಕೆ” ಎಂದಳು. ಯಾರನ್ನು, ಏನನ್ನು ಎಂದು ಹೇಳಲಿಲ್ಲ.

ಕಿವಿಯಮ್ಮ ಹೂಂ ಎನ್ನಲಿಲ್ಲ. “ಏನಂದೆ? ಇನ್ನೊಂದ್ಸಲ ಹೇಳು” ಎಂದಳು. ಅಕ್ಕ ಇನ್ನೊಂದು ಸಲ ಹೇಳಿದಳು.

ಅಕ್ಕ ಬಂದಳು, ಆದರೆ ಆ ವರ್ಷವಲ್ಲ, ಅದರ ಮುಂದಿನ ವರ್ಷ. ಎರಡು ದಿನ ಇದ್ದು ಹೋದಳು. ಎದುರಿನ ತನ್ನ ಹಳೆಯ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದಳು, ಓಣಿಯ ಹಳಬರನ್ನು ಮಾತಾಡಿಸಿದಳು, ಗುಂಡಿಗಳಲ್ಲಿ ಬಾತುಕೋಳಿ ನೋಡಿ ನಕ್ಕಳು. ಹೆಂಚಿನ ಮಾತು ಅವಳೂ ಎತ್ತಲಿಲ್ಲ, ತಂಗಿಯೂ ಎತ್ತಲಿಲ್ಲ.